ಅಂಕಯ್ಯನವರ ಕಾರಿನ ರೇಡಿಯೋ ಕೊರ್ರೆಂದ ವಾರ

ರಾಮನಗರದಲ್ಲಿ ಕಾರು ಓಡಿಸಿ ಸುಖಪಡುವವರು ಬೇಕಾದಷ್ಟು ಜನ ಇದ್ದಾರೆ. ಕಾರನ್ನು ನಿಲ್ಲಿಸಿಕೊಂಡೇ ಸುಖಪಡುವ ವಿದ್ಯೆ ಒಲಿದದ್ದು ಅಂಕಯ್ಯನವರೊಬ್ಬರಿಗೆ ಮಾತ್ರ.

ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದ ಮೇಲೆ ಅವರು ಯಾರೋ ಬಳಸಿ ಬಿಟ್ಟ ಒಂದು ಪುಟ್ಟ ಕಾರು ಕೊಂಡಿದ್ದರು. ಕೊಂಡ ಹೊಸತರಲ್ಲಿ ಒಮ್ಮೆ ರೇಷ್ಮೆ ಗೂಡಿನ ಮಾರ್ಕೆಟ್ಟಿನ ಮುಂದೆ ಅದನ್ನು ಹಿಂದಕ್ಕೆ ತೆಗೆಯಲು ಹೋದರು. ಗೂಡಿನ ಚೀಲ ಹೊತ್ತವರು, ಆಟೋದವರು, ಟೀ ಅಂಗಡಿಯವರು ಎಲ್ಲರೂ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಸ್ಟೇರಿಂಗ್ ತಿರುಗಿಸಲು ಹೇಳಿದರು. ಅಂಕಯ್ಯನವರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ಎಲ್ಲರೂ ಹೇಳಿದಂತೆಯೇ ತಿರುಗಿಸಿದರು. ಅಂದು ಹೇಗೋ ಮನೆ ಸೇರಿದ ಕಾರು ಬಾಗಿಲ ಮುಂದೆ ನಿಂತದ್ದು ನಿಂತೇ ಬಿಟ್ಟಿತು.

ಹಾಗೆಂದು ಅದು ದಂಡವಾಯಿತು ಎಂದು ಯಾರೂ ತಿಳಿಯಬಾರದು. ದಿನಾ ಸಂಜೆ ಅಂಕಯ್ಯನವರು ಮುಖ ತೊಳೆದು, ಇಸ್ತ್ರಿ ಮಾಡಿದ ಶರ್ಟು ತೊಟ್ಟು, "ಹೋಗ್ಬುಟ್ಟು ಬತ್ತೀನಿ ಕಣೆ" ಎಂದು ಹೆಂಡತಿಗೆ ಹೇಳಿ, ಬಾಗಿಲು ದಾಟಿ, ಕಾರಿನಲ್ಲಿ ಕೂತು, ಬೀಗದ ಕೈಯನ್ನು ಅರ್ಧ ತಿರುಗಿಸಿ ರೇಡಿಯೋ ಹಾಕುತ್ತಿದ್ದರು. ಅವರ ಮನೆಯ ರೇಡಿಯೋ ಅವರ ತಂದೆಗಿಂತ ಮೊದಲೇ ತೀರಿಕೊಂಡಿತ್ತು. ಈಗಿನ ಮೊಬೈಲುಗಳಲ್ಲಿ ಜಗತ್ತೇ ಇದ್ದರೂ ರೇಡಿಯೋ ಒಂದು ಇಲ್ಲ. ಹೀಗಾಗಿ ಆ ಬೀದಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಅದರ ಒಡೆಯರು ಕಾರಿನ ಗಾಜು ಇಳಿಸಿಕೊಂಡು, ಮೊಣಕೈ ಹೊರಗಿಟ್ಟು, ಹೋಗಿ ಬರುವವರಿಗೆಲ್ಲ ನಾಳೆಯ ಹವಾಮಾನ ಹೇಳುತ್ತ ಕೂತಿರುತ್ತಿದ್ದರು.

ಇಂಥ ನೆಮ್ಮದಿಯ ದಿನಗಳಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ, ಮುದ್ದೆ ಬಡಿಸುತ್ತ ಹೆಂಡತಿ ಹನುಮಂತಮ್ಮ ಹೇಳಿದರು: "ಕನಕಪುರದ ಕಡೆಯಿಂದ ರೇಡಿಯೋದೋರು ಬಂದಿದ್ರು. ಹುಳ ಸಾಕೋದ್ರ ಬಗ್ಗೆ ಕೇಳುದ್ರು, ಯೋಳ್ದೆ. ಭಾನ್ವಾರ ಬೆಳಿಗ್ಗೆ ಬತ್ತದಂತೆ."

ಅಂಕಯ್ಯನವರ ಕೈಯಲ್ಲಿದ್ದ ತುತ್ತು ಸಾರಿಗೂ ಬಾಯಿಗೂ ನಡುವೆ ನಿಂತಿತು. "ನಿನ್ ಮಾತಾ? ನಮ್ ಕಾರಲ್ಲಾ?"

"ಕಾರಲ್ಲಿ ಯಾಕ್ ಬತ್ತದೆ? ರೇಡಿಯೋದಾಗೆ ಬತ್ತದೆ."

"ರೇಡಿಯೋ ಎಲ್ಲೈತೆ? ಕಾರಲ್ಲಿ!"

ಈ ತರ್ಕಕ್ಕೆ ಹನುಮಂತಮ್ಮ ಇನ್ನೊಂದು ಮುದ್ದೆ ಬಡಿಸಿದರು. ವಾದಿಸಲು ಅವರಿಗೆ ಹೊತ್ತಿರಲಿಲ್ಲ. ಊರಾಚೆ ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳುಮನೆ. ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳ ಸಾಕುವುದು ಅವರದೇ ಕಾರುಬಾರು. ಈಗ ಹುಳಗಳು ಕೊನೆಯ ಸಲ ಪೊರೆ ಕಳಚಿ, ಅಂದರೆ ಕೊನೆಯ ಜ್ವರವೆದ್ದು, ಹೊತ್ತುಹೊತ್ತಿಗೆ ಸೊಪ್ಪು ಕೇಳುತ್ತಿದ್ದವು. ಈ ವಾರವೆಲ್ಲ ಹನುಮಂತಮ್ಮ ಹುಳುಮನೆ ಬಿಟ್ಟು ಕದಲುವಂತಿರಲಿಲ್ಲ.

ಅಂಕಯ್ಯನವರು ತುತ್ತು ನುಂಗಿ, ಏನೂ ಆಗದವರಂತೆ ಕೇಳಿದರು. "ನನ್ ಬಗ್ಗೆ ಏನಾರಾ ಕೇಳಿದ್ರಾ?"

"ಕೇಳುದ್ರು."

"ನೀನೇನ್ ಹೇಳ್ದೆ?"

"ಭಾನ್ವಾರ ಕೇಳ್ಕಳಿ" ಎಂದು ಹನುಮಂತಮ್ಮ ಲೈಟು ಹಾಕಿಕೊಂಡು ಹುಳುಮನೆಗೆ ನಡೆದರು.

ಅಲ್ಲಿಗೆ ಅಂಕಯ್ಯನವರ ನಿದ್ದೆ ಹೋಯಿತು. ಹೆಂಡತಿ ತನ್ನ ಬಗ್ಗೆ ಜಗತ್ತಿಗೆ ಏನು ಹೇಳಿದ್ದಾಳೆ? ಇಷ್ಟು ವರ್ಷ ಬಾಳಿದ ಗಂಡನಾದರೂ ಇದನ್ನು ತಿಳಿಯಲು ರೇಡಿಯೋ ಕೇಳಬೇಕಾದ ಕಾಲ ಬಂದಿತ್ತು. ಕಾರ್ಯಕ್ರಮ ಬರುವುದು ಒಂದೇ ಸಲ. 'ಹಿಪ್ಪುನೇರಳೆ ಬಾನುಲಿ' ಎಂಬ ಆ ಪುಟ್ಟ ಕೇಂದ್ರ ಎಷ್ಟು ಪುಟ್ಟದೆಂದರೆ, ಅದರ ದನಿ ರಾಮನಗರ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಅದನ್ನು ಹಿಡಿದು ಕೂರಿಸುವ ಶಕ್ತಿ ಇದ್ದದ್ದು ಆ ಕಾರಿಗೊಂದಕ್ಕೇ.

ಬೆಳಗಾಗುತ್ತಲೇ ಬೀದಿಗೆ ಬೀದಿಯನ್ನೇ ಕರೆದು ಬಂದರು. "ಭಾನುವಾರ ನಮ್ಮನೆ ಮುಂದೆ. ತಿಂಡಿನೂ ಅಲ್ಲೇ. ನಮ್ಮನೆಯೋರು ಮಾತಾಡ್ತಾರೆ. ಸೌಂಡ್ ಹೆಂಗಿರ್ತದೆ ಅಂದ್ರೆ, ಪಕ್ಕದಲ್ಲಿ ಕೂತು ಮಾತಾಡ್ದಂಗೆ."

ಎದುರು ಮನೆಯ ಕರೀಂ ಸಾಹೇಬರು ಇದನ್ನು ಕೇಳಿ ನಕ್ಕರು. ಅವರದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆಯ ಮನೆ. ಹನುಮಂತಮ್ಮನವರ ಗೂಡನ್ನು ಮಾರ್ಕೆಟ್ಟಿನ ಹರಾಜಿನಲ್ಲಿ ಎಷ್ಟೋ ಸಲ ಕೂಗಿ ಕೊಂಡವರು. "ಅಂಕಯ್ಯಣ್ಣ, ಅಕ್ಕ ದಿನಾ ನಮ್ ಪಕ್ಕದಲ್ಲೇ ಮಾತಾಡ್ತಾರಲ್ಲ?"

"ಅದು ಬೇರೆ ಕಣಪ್ಪ. ಇದು ಕರೆಂಟಲ್ಲಿ ಬರೋದು."

ಅದೇ ದಿನ ಮಧ್ಯಾಹ್ನ ಮಾಗಡಿಯಿಂದ ಹನುಮಂತಮ್ಮನವರ ತಮ್ಮ ಲಿಂಗಯ್ಯ ಬಂದಿಳಿದರು. ಹೆಸರು ಶಿವನದಾದರೂ ಭಕ್ತಿಯೆಲ್ಲ ಮಾಗಡಿ ರಂಗನಾಥನಿಗೆ. ಅಕ್ಕ ರೇಡಿಯೋದಲ್ಲಿ ಬರುವ ಸುದ್ದಿ ಕೇಳಿ ಸುಮ್ಮನಿರಲಾಗದೆ ಸ್ವಾಮಿಯನ್ನೇ ಹೊತ್ತು ತಂದಿದ್ದರು. ಗಾಜಿನ ಚೌಕಟ್ಟಿನೊಳಗೆ ಅಂಗೈ ಅಗಲದ ರಂಗನಾಥ, ಸುತ್ತ ಪುಟ್ಟ ಪುಟ್ಟ ದೀಪಗಳ ಪ್ರಭಾವಳಿ. ಕೆಂಪು ಹತ್ತಿ ಹಸಿರಾಗಿ, ಹಸಿರು ಆರಿ ನೀಲಿಯಾಗಿ ಸುತ್ತುತ್ತಲೇ ಇರುತ್ತಿತ್ತು. ಅದರ ವೈರನ್ನು ಲಿಂಗಯ್ಯ ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ತೂತಿಗೆ ತಮ್ಮ ಕೈಯಾರೆ ಸಿಕ್ಕಿಸಿ, ಕರ್ಪೂರ ಹಚ್ಚಿ, ಕಾಯಿ ಒಡೆದರು.

"ಬಾವ, ಅಕ್ಕನ ಮಾತು ಮುಗಿಯೋಗಂಟ ಇದನ್ನ ಯಾರೂ ಕಿತ್ತಾಕ್ಬಾರ್ದು. ಕಿತ್ತರೆ ನಾನು ಜವಾಬ್ದಾರ ಅಲ್ಲ."

"ಕಿತ್ತರೆ ಏನಾಯ್ತದೆ?"

"ಅದು ನಂಗೊತ್ತಿಲ್ಲ. ಅಂಗಡಿಯೋನೂ ಯೋಳ್ಳಿಲ್ಲ."

"ಮತ್ತೆ ನಾನು ಕಾರಿನ ಬೀಗದ ಕೈ ತೆಗೆದಾಗ ಆರೋಯ್ತದಲ್ಲ?"

ಲಿಂಗಯ್ಯ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. "ಅದು ಸ್ವಾಮಿ ಮನಗೋದು. ಕೈಯಾಗೆ ಕೀಳೋದು ಬೇರೆ."

ಅಂದು ಸಂಜೆ ಅಂಕಯ್ಯನವರು ಮುಖ ತೊಳೆದು ಕಾರಿನಲ್ಲಿ ಕೂತು ರೇಡಿಯೋ ಹಾಕಿದರು.

ಕೊರ್ರ್ರ್... ಟಿಕ್. ಕೊರ್ರ್ರ್... ಟಿಕ್.

ವಾರ್ತೆ ಓದುವವರು ಒಳಗೆಲ್ಲೋ ಕಡಲೆಬೀಜ ಹುರಿಯುತ್ತ ಓದಿದಂತಿತ್ತು. ಅಂಕಯ್ಯನವರು ರೇಡಿಯೋದ ನೆತ್ತಿ ತಟ್ಟಿದರು, ಗುಂಡಿ ತಿರುಗಿಸಿದರು, ಗಾಜು ಏರಿಸಿದರು, ಇಳಿಸಿದರು. ಕೊರ್ರ್ರ್ ಎನ್ನುವುದು ನಿಲ್ಲಲಿಲ್ಲ. ಆದರೆ ಅವರ ಕಣ್ಣಿಗೆ ಒಂದು ವಿಶೇಷ ಬಿತ್ತು. ಕೂಡಲೇ ಕರೀಮರನ್ನು ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೋಡು ಕರೀಂ, ಸರಿಯಾಗಿ ನೋಡು. ಕೊರ್ ಅಂದಾಗೆಲ್ಲ ಸ್ವಾಮಿ ಕೆಂಪಗಾಗ್ತಾನೆ. ಟಿಕ್ ಅಂದ್ರೆ ಹಸಿರು. ಈ ದರಿದ್ರ ಸದ್ದಿಂದ ಸ್ವಾಮಿಗೂ ಕೋಪ ಬತ್ತಾ ಐತೆ."

ಕರೀಮರು ಚಪ್ಪಲಿ ಹೊರಗೆ ಬಿಟ್ಟೇ ಕಾರು ಹತ್ತಿದ್ದರು. ದೀಪ ನೋಡಿದರು, ರೇಡಿಯೋ ನೋಡಿದರು, ಮತ್ತೆ ದೀಪ ನೋಡಿದರು. ಕೆಂಪು ಬಂತು, ಕೊರ್ ಎಂದಿತು. ಹಸಿರು ಬಂತು, ಟಿಕ್ ಎಂದಿತು. ಅವರಿಗೆ ಎಲ್ಲ ತಿಳಿಯಿತು. ನೆರೆಮನೆಯವರ ದೇವರ ದೀಪವನ್ನು ಕೀಳಿರಿ ಎಂದು ತಾನು ಯಾವ ಬಾಯಿಂದ ಹೇಳುವುದು?

"ಅಣ್ಣ, ಸ್ವಾಮಿಗೆ ಒಸಿ ರೆಸ್ಟ್ ಕೊಟ್ಟು ನೋಡಬೋದಿತ್ತೇನೋ..."

"ಬೀಗದ ಕೈ ತೆಗೆದಾಗೆಲ್ಲ ರೆಸ್ಟೇ ಕಣಪ್ಪ. ನಾನಿದ್ದಾಗಲಾದ್ರೂ ಕೆಲ್ಸ ಮಾಡ್ಲಿ" ಎಂದರು ಅಂಕಯ್ಯ. ಕರೀಮರು ಕೆಮ್ಮಿ ಇಳಿದು ಹೋದರು.

ದೇವರು ಸಂಕಟದಲ್ಲಿದ್ದಾನೆ ಎಂದು ಗೊತ್ತಾದ ಮೇಲೆ ಅಂಕಯ್ಯನವರು ಕೈಕಟ್ಟಿ ಕೂರುವುದುಂಟೆ? ಆ ವಾರ ಬೀದಿಯ ಮೂಲೆಯಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರು. ತಪ್ಪಿತಸ್ಥ ಸಿಕ್ಕಿಬಿದ್ದ ಎಂದುಕೊಂಡು ಕರೆಂಟ್ ಆಫೀಸಿಗೆ ನಡೆದರು. ಅಲ್ಲಿ ಅವರು ತಮ್ಮ ದೂರು ಹೇಳಿದ ರೀತಿಗೆ, ಕೇಳಿದವರು ಬೀದಿಗೆ ಬೀದಿಯೇ ಹೊತ್ತಿ ಉರಿಯುತ್ತಿದೆ ಎಂದುಕೊಂಡು ಲೈನ್‌ಮನ್ ಮಧುಕುಮಾರನನ್ನು ಏಣಿ ಸಮೇತ ಓಡಿಸಿದರು.

ಮಧುಕುಮಾರ ಬಂದು, ಬೂಟು ಕಳಚಿ, ಕಾರಿನಲ್ಲಿ ಕೂತು, ಮೊದಲು ರಂಗನಾಥನಿಗೆ ಕೈಮುಗಿದ. ಆಮೇಲೆ ರೇಡಿಯೋ ಕೇಳಿದ. ಕೊರ್, ಕೆಂಪು. ಟಿಕ್, ಹಸಿರು.

"ಸಾರ್, ಇದು ಕಂಬದ್ದಲ್ಲ."

"ಮತ್ತೆ ಎಲ್ಲಿಂದು?"

ಮಧುಕುಮಾರ ಬಾಯಿ ತೆರೆದ. ಪಕ್ಕದಲ್ಲಿ ಲಿಂಗಯ್ಯ ಹಣೆಗೆ ನಾಮ ಇಟ್ಟುಕೊಂಡು, ಎದೆಯ ಮೇಲೆ ಕೈಕಟ್ಟಿ ನಿಂತಿದ್ದರು. ಮಧುಕುಮಾರ ಬಾಯಿ ಮುಚ್ಚಿದ. "ಕಂಬದ್ದೇ ಇರ್ಬೋದು ಸಾರ್, ನೋಡಣ ಇರಿ" ಎಂದು ಬೂಟು ಹಾಕಿಕೊಂಡು ಕಂಬ ಹತ್ತಿಯೇ ಬಿಟ್ಟ. ಮೇಲೆ ಕೂತು ಬಹಳ ಹೊತ್ತು ಆಕಾಶ ನೋಡಿದ. ಸತ್ಯ ಹೇಳುವುದಕ್ಕಿಂತ ಕಂಬ ಹತ್ತುವುದು ಸುಲಭ ಎಂದು ಅವನಿಗೆ ಅನ್ನಿಸಿದ್ದರೆ ಅವನನ್ನು ಯಾರೂ ದೂರುವಂತಿಲ್ಲ.

ಕಂಬ ಸರಿಯಿದೆ ಎಂದಾದ ಮೇಲೆ ಅನುಮಾನ ಎದುರು ಮನೆಯ ಮೇಲೆ ತಿರುಗಿತು. ಕರೀಮರ ನೂಲು ಬಿಚ್ಚುವ ಯಂತ್ರಕ್ಕೆ ಮೋಟರು ಇತ್ತಲ್ಲ! ಅಂಕಯ್ಯನವರು ಸಂಕೋಚದಿಂದ ಕೈ ಹೊಸಕುತ್ತ ಅವರ ಬಾಗಿಲಲ್ಲಿ ನಿಂತರು. "ಕರೀಂ, ತಪ್ಪು ತಿಳ್ಕಬೇಡ. ನಿನ್ ಮೋಟರ್ ಒಸಿ ನಿಲ್ಸಿದ್ರೆ..."

ಬಿಸಿನೀರಿನಲ್ಲಿ ಗೂಡು ಬೇಯುತ್ತಿದ್ದವು, ಎಳೆ ರಾಟೆಗೆ ಏರಿತ್ತು. ಆ ಹೊತ್ತಿನಲ್ಲಿ ನಿಲ್ಲಿಸಿದರೆ ಎಳೆ ಕಡಿಯುತ್ತದೆ, ಬೆಂದ ಗೂಡು ಅತಿಯಾಗಿ ಬೆಂದು ಹಾಳಾಗುತ್ತದೆ. ಅದಕ್ಕೂ ರೇಡಿಯೋಕ್ಕೂ ಸಂಬಂಧವೇ ಇಲ್ಲವೆಂದು ಆ ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಕರೀಮರೇ. ಅವರು ಒಂದು ಕ್ಷಣ ಅಂಕಯ್ಯನವರ ಮುಖ ನೋಡಿ, ಹೋಗಿ ಸ್ವಿಚ್ಚು ಒತ್ತಿ ಯಂತ್ರ ನಿಲ್ಲಿಸಿದರು. ಇಂಥ ನೆರೆಯವರನ್ನು ಮೆಚ್ಚದೆ ಹೇಗಿರುವುದು?

ಅಂಕಯ್ಯನವರು ಓಡಿಹೋಗಿ ರೇಡಿಯೋ ಹಾಕಿದರು. ಕೊರ್ರ್ರ್... ಟಿಕ್.

"ನಿಂದಲ್ಲ ಕಣೋ, ನಿಂದಲ್ಲ!" ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಕರೀಮರ ಹೆಂಡತಿ ನಾಹಿದಾ ಕಡಿದ ಎಳೆಗಳನ್ನು ಹುಡುಕುತ್ತ ಗಂಡನಿಗೆ ಹೇಳಿದರು, "ನಾಳೆ ನಮ್ ಫ್ರಿಜ್ಜೂ ನಿಲ್ಸಿ ಅಂತಾರೆ. ಅದಕ್ಕೆ ಮೊದ್ಲು ಚನ್ನಪಟ್ಣಕ್ಕೆ ಕರ್ಕೊಂಡು ಹೋಗಿ."

ಚನ್ನಪಟ್ಟಣದಲ್ಲಿ ನಾಹಿದಾರ ತಮ್ಮ ನಿಯಾಜ್ ಇದ್ದ. ಮನೆತನದ್ದು ಬೊಂಬೆ ಮಾಡುವ ಕೆಲಸ. ಅಂಗಳದಲ್ಲಿ ಅಣ್ಣ ಮರ ಕಡೆದು ಅರಗಿನ ಬಣ್ಣ ಹಾಕುತ್ತಿದ್ದರೆ, ಪಕ್ಕದ ಅಂಗಡಿಯಲ್ಲಿ ಇವನು ಕಾರುಗಳಿಗೆ ಸ್ಪೀಕರು, ರೇಡಿಯೋ ಕೂರಿಸುತ್ತಿದ್ದ. ಅಂಕಯ್ಯನವರು ಕಾರು ಓಡಿಸಿದರು, ಕರೀಮರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಒಳಗೊಳಗೇ ಪ್ರಾರ್ಥನೆ ಮಾಡಿದರು. ಹಿಂದೆ ಬಂದ ಬಸ್ಸುಗಳೆಲ್ಲ ಹಾರ್ನು ಹೊಡೆದು ಹಾರೈಸಿ ಮುಂದೆ ಹೋದವು.

ನಿಯಾಜ್ ಕೆಲಸ ಬಲ್ಲವನು. "ಇಂಜಿನ್ ಜೋರ್ ಮಾಡಿದ್ರೆ ಸದ್ದು ಜೋರಾಗುತ್ತಾ ಅಣ್ಣ?"

"ಗೊತ್ತಿಲ್ಲಪ್ಪ. ಸಾಮಾನ್ಯವಾಗಿ ನಾವು ಇಂಜಿನ್ ಹಾಕಲ್ಲ."

ನಿಯಾಜ್ ತಾನೇ ಹಾಕಿ ನೋಡಿದ. ಇಂಜಿನ್ ಇದ್ದರೂ ಅಷ್ಟೇ, ನಿಂತರೂ ಅಷ್ಟೇ. ಅಂದರೆ ಇಂಜಿನ್ನಿನದಲ್ಲ. ವೈಪರ್ ಹಾಕಿದ, ಹಾರ್ನ್ ಒತ್ತಿದ, ಲೈಟು ಹಾಕಿದ. ಯಾವುದರದೂ ಅಲ್ಲ. ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ನೋಡತೊಡಗಿದ. ಹೀಗೆ ಕೀಳುತ್ತ ಕೀಳುತ್ತ ಚಾರ್ಜರಿನ ತೂತಿನ ಫ್ಯೂಸ್ ಕಿತ್ತನೋ ಇಲ್ಲವೋ, ಪ್ರಭಾವಳಿ ಆರಿತು. ಅದೇ ಗಳಿಗೆಗೆ ರೇಡಿಯೋ ಗಂಟೆ ಬಾರಿಸಿದಂತೆ ತಿಳಿಯಾಗಿ, ಕೊತ್ತಂಬರಿ ಸೊಪ್ಪಿನ ಇವತ್ತಿನ ಧಾರಣೆ ಹೇಳತೊಡಗಿತು.

"ಅಯ್ಯಯ್ಯೋ! ದೀಪ! ದೀಪ ಆರೋಯ್ತು! ಲಿಂಗಯ್ಯ ನನ್ನ ಉಳಿಸಲ್ಲ!" ಎಂದು ಅಂಕಯ್ಯನವರು ಹಾಕಿದ ಬೊಬ್ಬೆಗೆ ಅಂಗಳದಲ್ಲಿ ಕಡೆಯುತ್ತಿದ್ದ ಬೊಂಬೆಯ ತಲೆ ಸೊಟ್ಟಗಾಯಿತು. ಆ ಬೊಬ್ಬೆಯಲ್ಲಿ ಕೊತ್ತಂಬರಿ ಸೊಪ್ಪಿನ ಧಾರಣೆ ಅವರ ಕಿವಿಗೆ ಬೀಳಲೇ ಇಲ್ಲ. ನಿಯಾಜ್ ಗಡಿಬಿಡಿಯಲ್ಲಿ ಫ್ಯೂಸ್ ಮತ್ತೆ ಸಿಕ್ಕಿಸಿದ. ದೀಪ ಬಂತು. ಕೊರ್ರ್ರ್ ಬಂತು. ಅಂಕಯ್ಯನವರು ಎದೆ ನೀವಿಕೊಂಡು, "ಸದ್ಯ, ಮೊದಲಿನಂಗೇ ಆಯ್ತು" ಎಂದರು.

ಕರೀಮರೂ ಬಾಮೈದನೂ ಅಂಗಡಿಯ ಹಿಂದೆ ಹೋಗಿ ತಮ್ಮ ಮಾತಿನಲ್ಲಿ ಪಿಸುಗುಟ್ಟಿದರು. ನೀವು ಹೇಳಿ ಎಂದು ಇವನು, ನೀನು ಹೇಳು ಎಂದು ಅವರು. ಕೊನೆಗೆ ನಿಯಾಜ್ ಬಂದು ಸುತ್ತಿ ಬಳಸಿ ಹೇಳಿದ. "ಅಣ್ಣ, ಒಂದ್ ಕೆಲ್ಸ ಮಾಡಿ. ಮುಂದ್ಗಡೆ ಇಟ್ಟಿರೋದನ್ನೆಲ್ಲ ಒಸಿ ತೆಗೆದು ನೋಡಿ."

"ಎಲ್ಲಾನೂ?"

"ಎಲ್ಲಾನೂ ಅಣ್ಣ. ಏನೇನೈತೋ ಎಲ್ಲಾ."

ಅಂಕಯ್ಯನವರು ಚಾಚೂ ತಪ್ಪದೆ ಪಾಲಿಸಿದರು. ಕನ್ನಡಕದ ಡಬ್ಬಿ ತೆಗೆದರು, ಕರವಸ್ತ್ರ ತೆಗೆದರು, ಒಣಗಿದ ನಿಂಬೆಹಣ್ಣು ತೆಗೆದರು, ತಲೆಯಾಡಿಸುವ ಮರದ ಬೊಂಬೆ ತೆಗೆದು ಹಿಂದಿನ ಸೀಟಿನಲ್ಲಿಟ್ಟರು. ರಂಗನಾಥ ಒಬ್ಬನೇ ಉಳಿದ. "ಇನ್ನೇನೂ ಇಲ್ಲ" ಎಂದರು.

ನಿಯಾಜ್ ಸೋತು ರೇಡಿಯೋದ ಹಿಂದಿನ ವೈರುಗಳನ್ನೆಲ್ಲ ಹೊಸದು ಹಾಕಿ, ಭಾನುವಾರ ತಾನೂ ಬರುವುದಾಗಿ ಹೇಳಿ ಕಳಿಸಿಕೊಟ್ಟ.

ಭಾನುವಾರ ಬಂದೇ ಬಂತು. ಇಷ್ಟರಲ್ಲಿ ಅಂಕಯ್ಯನವರ ಮನಸ್ಸು ಒಂದು ತೀರ್ಮಾನಕ್ಕೆ ಬಂದಿತ್ತು. ಒಬ್ಬರದಲ್ಲ ಎಂದರೆ ಎಲ್ಲರದೂ. ಮನೆಮನೆಗೆ ಹೋಗಿ ಬೇಡಿಕೊಂಡರು. ಮಿಕ್ಸಿ ನಿಲ್ಲಿಸಿದರು, ಗ್ರೈಂಡರ್ ನಿಲ್ಲಿಸಿದರು, ಪಂಪು, ಫ್ಯಾನು, ಟಿವಿ ಎಲ್ಲ ನಿಂತವು. ಹಿಂದಿನ ದಿನವೇ ರುಬ್ಬಿಟ್ಟ ಹಿಟ್ಟಿನ ಇಡ್ಲಿ ಬಂತು, ನಾಹಿದಾರ ಮನೆಯಿಂದ ಒಂದು ದೊಡ್ಡ ಪಾತ್ರೆ ಶಾವಿಗೆ ಪಾಯಸ ಬಂತು. ರಜೆಯ ದಿನವಾದರೂ ಮಧುಕುಮಾರ ಬಂದ. ಬೀದಿಯವರೆಲ್ಲ ಕಾರಿನ ಸುತ್ತ ಕುರ್ಚಿ, ಚಾಪೆ ಹಾಕಿ ಕೂತರು. ಮುಂದಿನ ಸೀಟಿನಲ್ಲಿ ಲಿಂಗಯ್ಯ ಸ್ವಾಮಿಗೆ ಕಾವಲು ಕೂತರು. ಹನುಮಂತಮ್ಮ ಮಾತ್ರ ಹುಳ ಹಣ್ಣಾಗಿ ಗೂಡು ಕಟ್ಟಲು ಅಣಿಯಾಗುತ್ತಿವೆ, ಕೂಗಿದಾಗ ಬರುತ್ತೇನೆ ಎಂದು ಒಳಗೇ ಉಳಿದಿದ್ದರು.

ಅಂಕಯ್ಯನವರು ಬೀಗದ ಕೈ ತಿರುಗಿಸಿದರು.

ಕೊರ್ರ್ರ್ರ್ರ್... ಟಿಕ್.

ಬೀದಿಯ ಅಷ್ಟೂ ಮೌನದಲ್ಲಿ ಅದು ಹಿಂದೆಂದಿಗಿಂತ ಚೆನ್ನಾಗಿ ಕೇಳಿಸಿತು. ಕೊರ್ರಿನ ಕೆಳಗೆಲ್ಲೋ ಕಾರ್ಯಕ್ರಮ ಶುರುವಾಗಿತ್ತು. ಸುಚಿತ್ರಾ ಎಂಬ ನಿರೂಪಕಿಯ ದನಿ ನೀರೊಳಗಿಂದ ಬಂದಂತೆ ಬಂದು ಮುಳುಗಿತು. ಅಂಕಯ್ಯನವರ ಮುಖ ಬಿಳಿಚಿತು. ಅವರು ಸ್ಟೇರಿಂಗ್ ಹಿಡಿದುಕೊಂಡು ಸುಮ್ಮನೆ ಕೂತರು. ಅವರು ಹಾಗೆ ಸುಮ್ಮನೆ ಕೂತದ್ದನ್ನು ಆ ಬೀದಿ ಎಂದೂ ನೋಡಿರಲಿಲ್ಲ.

ಕೊರ್ರ್ ಕೇಳಿ ಹೊರಗೆ ಬಂದ ಹನುಮಂತಮ್ಮ ಕೈಗೆ ಅಂಟಿದ ಸೊಪ್ಪಿನ ಚೂರು ಒರೆಸಿಕೊಳ್ಳುತ್ತ ಗಂಡನ ಮುಖ ನೋಡಿದರು. ಆಮೇಲೆ ಜನರ ಮುಖ ನೋಡಿದರು. ಕರೀಂ, ನಾಹಿದಾ, ನಿಯಾಜ್, ಮಧುಕುಮಾರ ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಇವರು ನೋಡಿದ ಕೂಡಲೇ ಎಲ್ಲರೂ ತಲೆ ತಗ್ಗಿಸಿದರು.

"ಯಾಕೆ ಎಲ್ಲಾರೂ ಸ್ವಾಮಿನೇ ನೋಡ್ತಿದ್ದೀರಾ?"

ಕೆಂಪು, ಕೊರ್. ಹಸಿರು, ಟಿಕ್. ಹನುಮಂತಮ್ಮ ತಾವೂ ಒಂದು ಸುತ್ತು ನೋಡಿದರು. "ನಾಹಿದಮ್ಮ, ನೀವೇ ಯೋಳಿ."

"ನಾವು ಹೆಂಗೆ ಹೇಳೋದು ಅಕ್ಕ?" ಎಂದರು ನಾಹಿದಾ ಮೆಲ್ಲಗೆ. "ದೇವ್ರು ನಿಮ್ದು."

ಹನುಮಂತಮ್ಮ ಕಾರಿನ ಬಾಗಿಲು ತೆಗೆದು, ತಮ್ಮನ ಮೊಣಕಾಲ ಮೇಲಿಂದ ಬಗ್ಗಿ, ವೈರನ್ನು ಹಿಡಿದರು. ಲಿಂಗಯ್ಯ ಹೌಹಾರಿದರು. "ಅಕ್ಕ! ಕೀಳ್ಬ್ಯಾಡ! ಸ್ವಾಮಿ..."

"ಸ್ವಾಮಿ ಪಟದಾಗವ್ನೆ ಕಣ್ಲಾ, ವೈರಲ್ಲಿ ಇಲ್ಲ. ಕರೆಂಟು ಬರೋಕ್ ಮುಂಚೆನೂ ಇದ್ದ" ಎಂದು ಕಿತ್ತೇ ಬಿಟ್ಟರು. ಕಿತ್ತ ಮೇಲೆ ಪಟಕ್ಕೆ ಕೈಮುಗಿದು, "ತಪ್ಪು ತಿಳ್ಕಬ್ಯಾಡಪ್ಪ, ಒಸಿ ನನ್ ಮಾತೂ ಕೇಳು" ಎಂದರು.

ಕೊರ್ರ್ರ್ ಸತ್ತುಹೋಯಿತು. ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ಆದರೆ ಸುಚಿತ್ರಾಳ ದನಿ ಮಾತ್ರ ಬಾವಿಯೊಳಗಿಂದ ಬಂದಷ್ಟು ಸಣ್ಣಗಿತ್ತು. ನಿಯಾಜ್ ಓಡಿ ಹೋಗಿ ಕಾರಿನ ನೆತ್ತಿಯ ಏರಿಯಲ್ ಮುಟ್ಟಿದ. ಅದು ಅವನ ಕೈಗೇ ಬಂತು.

"ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ, ಫಳಫಳ ಅನ್ಲಿ ಅಂತ" ಎಂದರು ಅಂಕಯ್ಯ ಸಣ್ಣ ದನಿಯಲ್ಲಿ. "ಮುರಿದೋಯ್ತು. ಗೋಂದು ಹಾಕಿ ನಿಲ್ಸಿದ್ದೆ."

ಅವರನ್ನು ಬೈಯಲು ಯಾರಿಗೂ ಪುರಸೊತ್ತಿರಲಿಲ್ಲ. ನಿಯಾಜ್ ತನ್ನ ಚೀಲದಿಂದ ಉದ್ದನೆಯ ವೈರು ತೆಗೆದು ಒಂದು ತುದಿ ಕಾರಿಗೆ ಸಿಕ್ಕಿಸಿದ. "ಇನ್ನೊಂದು ತುದಿ ಯಾರಾರಾ ಎತ್ತರದಲ್ಲಿ ಹಿಡ್ಕೋಬೇಕು!" ಎಂದು ಕೂಗುವಷ್ಟರಲ್ಲಿ ಅಂಕಯ್ಯನವರು ವೈರು ಕಸಿದುಕೊಂಡು ಮೆಟ್ಟಿಲು ಹತ್ತಿ ತಾರಸಿಯ ಮೇಲಿದ್ದರು. ನೀರಿನ ಟ್ಯಾಂಕಿನ ಪಕ್ಕ ನಿಂತು ಕೈ ಮೇಲೆತ್ತಿದರು.

ಕೆಳಗಿನಿಂದ ಒಂದು ಹರ್ಷೋದ್ಗಾರ ಕೇಳಿಸಿತು. "ಬಂತು! ಬಂತು! ಅಣ್ಣ, ಹಂಗೇ ಇರಿ, ಅಲ್ಲಾಡ್ಬೇಡಿ!"

ಹನುಮಂತಮ್ಮನವರ ಮಾತು ಶುರುವಾಗಿತ್ತು. ಬೀದಿಯೆಲ್ಲ ಕಿವಿಯಾಗಿ ಕೂತಿತ್ತು. ತಾರಸಿಯ ಮೇಲಿನವರಿಗೆ ಮಾತ್ರ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಒಂದು ಹೆಜ್ಜೆ ಅಂಚಿಗೆ ಸರಿದು ಬಗ್ಗಿದರೆ ಸ್ವಲ್ಪ ಕೇಳಿಸುವಂತಿತ್ತು, ಆದರೆ ಬಗ್ಗಿದೊಡನೆ ಕೆಳಗಿನಿಂದ ಅಷ್ಟೂ ಜನ, "ಹೋಯ್ತು! ಹೋಯ್ತು! ಕೈ ಎತ್ತಿ!" ಎಂದು ಅರಚುತ್ತಿದ್ದರು. ಅಂಕಯ್ಯನವರು ಕೈ ಎತ್ತಿಕೊಂಡು ಹಿಂದೆ ಸರಿದರು. ಒಂದು ವಾರದಿಂದ ಈ ಮಾತಿಗಾಗಿ ಒದ್ದಾಡಿದವರು, ಈಗ ಎಲ್ಲರಿಗೂ ಅದನ್ನು ಕೇಳಿಸುತ್ತ ತಾವೊಬ್ಬರು ಕೇಳದೆ ನಿಂತರು. ಭುಜ ಸೋಲುತ್ತಿತ್ತು. ಆದರೂ ಕೈ ಇಳಿಯಲಿಲ್ಲ.

ಅಲ್ಲಿಂದ ಮುಖಗಳು ಕಾಣುತ್ತಿದ್ದವು. ಮೊದಲು ಎಲ್ಲರೂ ತಲೆಯಾಡಿಸಿದರು. ಹುಳದ ವಿಷಯ ಇರಬೇಕು ಎಂದುಕೊಂಡರು ಅಂಕಯ್ಯ. ಸ್ವಲ್ಪ ಹೊತ್ತಿಗೆ ಎಲ್ಲರೂ ಒಟ್ಟಿಗೆ ತಲೆಯೆತ್ತಿ ಇವರನ್ನು ನೋಡಿದರು. ನೋಡಿ ಹೊಟ್ಟೆ ಹಿಡಿದು ನಕ್ಕರು. ಮಧುಕುಮಾರ ನಕ್ಕು ನಕ್ಕು ಕುರ್ಚಿಯಿಂದ ಜಾರಿದ.

"ಏನಂದ್ಲು? ನನ್ ವಿಷ್ಯಾನಾ?" ಎಂದು ಅಂಕಯ್ಯ ಕೂಗಿದರು.

"ಶ್!" ಎಂದಿತು ಬೀದಿ.

ಆಮೇಲೆ ನಗು ನಿಂತಿತು. ನಾಹಿದಾ ದುಪಟ್ಟಾದ ಅಂಚಿನಿಂದ ಕಣ್ಣೊತ್ತಿಕೊಂಡರು. ಕರೀಮರು ನೆಲ ನೋಡುತ್ತ ಕೂತರು. ಲಿಂಗಯ್ಯ ಜೋರಾಗಿ ಮೂಗು ಸೀಟಿದ್ದು ತಾರಸಿಯವರೆಗೂ ಕೇಳಿಸಿತು. ಕಾರ್ಯಕ್ರಮ ಮುಗಿದಾಗ ಬೀದಿ ಚಪ್ಪಾಳೆ ತಟ್ಟಿತು. ಅದು ರೇಡಿಯೋಗೆ ತಟ್ಟಿದ್ದೋ ತಾರಸಿಗೆ ತಟ್ಟಿದ್ದೋ ಅಂಕಯ್ಯನವರಿಗೆ ತಿಳಿಯಲಿಲ್ಲ.

ಕೆಳಗಿಳಿದು ಬಂದು ಒಬ್ಬೊಬ್ಬರನ್ನೇ ಕೇಳಿದರು. ಮಧುಕುಮಾರ, "ಹುಳದ ವಿಷ್ಯ ತುಂಬಾ ಚೆನ್ನಾಗಿ ಹೇಳಿದ್ರು ಸಾರ್" ಎಂದು ಇಡ್ಲಿಗೆ ಕೈ ಹಾಕಿದ. ಲಿಂಗಯ್ಯ ಎಲ್ಲವನ್ನೂ ಮೊಬೈಲಿನಲ್ಲಿ ತುಂಬಿಕೊಂಡಿದ್ದರು. ಹಾಕಿ ಕೇಳಿದರೆ ಅದರಲ್ಲಿ ಮೊದಲಿಂದ ಕೊನೆಯವರೆಗೆ "ಸುಮ್ಕಿರ್ರಲಾ, ಸುಮ್ಕಿರ್ರಲಾ" ಎಂಬ ಲಿಂಗಯ್ಯನವರ ದನಿಯೊಂದೇ ಇತ್ತು. ಕರೀಮರು ಅಂಕಯ್ಯನವರ ನೋಯುವ ಭುಜದ ಮೇಲೆ ಕೈಯಿಟ್ಟರು. "ಅದನ್ನ ನಾನು ಹೇಳಿದ್ರೆ ಚೆನ್ನಾಗಿರಲ್ಲ ಅಣ್ಣ. ಅಕ್ಕನ ಬಾಯಿಂದ್ಲೇ ಕೇಳಿ."

ಹನುಮಂತಮ್ಮ ಆಗಲೇ ಹುಳುಮನೆಗೆ ಮರಳಿ, ಹಣ್ಣಾದ ಹುಳಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದರು. ಅಂಕಯ್ಯನವರಿಗೆ ಆ ಬಾಗಿಲ ಒಳಗೆ ಪ್ರವೇಶವಿರಲಿಲ್ಲ. ಒಮ್ಮೆ ಸೀನಿ ಒಂದು ತಟ್ಟೆ ಹುಳವನ್ನು ನೆಲಕ್ಕೆ ಬೀಳಿಸಿದಾಗಿನಿಂದ ಹೊಸ್ತಿಲೇ ಅವರ ಗಡಿ. ಹೊಸ್ತಿಲಲ್ಲಿ ನಿಂತು, "ನಂಗೊಂದೂ ಕೇಳಿಸ್ಲಿಲ್ಲ ಕಣೆ" ಎಂದರು.

"ಗೊತ್ತು. ನೋಡ್ದೆ."

"ಏನಂದೆ?"

ಹನುಮಂತಮ್ಮ ಹುಳ ಆರಿಸುವುದನ್ನು ನಿಲ್ಲಿಸಲಿಲ್ಲ. ಗಂಡನ ಕಡೆ ತಿರುಗಲೂ ಇಲ್ಲ. "ಯಜಮಾನ್ರು ಸಾಯ ಮಾಡ್ತಾರಾ ಅಂತ ಕೇಳುದ್ರು. ಸೊಪ್ಪು ತನ್ನಿ ಅಂದ್ರೆ ಬಲ್ತೋಗಿರೋದೇ ತತ್ತಾರೆ, ತಟ್ಟೆ ಎತ್ತಿ ಅಂದ್ರೆ ಬೀಳುಸ್ತಾರೆ, ಒಂದ್ ಕೆಲ್ಸನೂ ನೆಟ್ಗೆ ಮಾಡ್ದೋರಲ್ಲ ಅಂದೆ."

ಅಂಕಯ್ಯನವರು ತಲೆಯಾಡಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. "ಅದಕ್ಕೇ ನಕ್ಕಿದ್ದು. ಆಮೇಲೆ?"

"ಆಮೇಲೆ... ನಾನು ಹುಳ ಸಾಕ್ತೀನಿ ಅಂದಾಗ ನಮ್ಮತ್ತೆ ಬ್ಯಾಡ ಅಂದ್ರು, ನೆಂಟ್ರಿಷ್ಟ್ರೆಲ್ಲ ಬ್ಯಾಡ ಅಂದ್ರು. ಇವ್ರು ಒಬ್ರು, ನೀನು ಮಾಡು, ಕೆಟ್ಟೋದ್ರೆ ನಾನಿದ್ದೀನಿ ಅಂದ್ರು. ಕೆಟ್ಟೇನೋ ಹೋಯ್ತು, ಎಷ್ಟೋ ಬೆಳೆ. ಇವ್ರು ಇದ್ರು. ಅಂಗಂದೆ."

ಹುಳುಮನೆಯಲ್ಲಿ ಇನ್ನೂ ಹಣ್ಣಾಗದ ಹುಳಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಅಂಕಯ್ಯನವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಹನುಮಂತಮ್ಮ ತಿರುಗಿ ನೋಡಿದರು.

"ಇನ್ನೊಂದ್ಸಲ ಯೋಳು" ಎಂದರು ಅಂಕಯ್ಯ.

"ಯಾಕೆ? ಕೊರ್ ಅಂತೈತಾ?"

"ಇಲ್ಲ. ಚೆನ್ನಾಗಿ ಕೇಳಿಸ್ತು. ಅದಕ್ಕೇ."